ಹಗ್ಗದ ಆ ತುದಿ

“ನಾನು ಮದುವೆ ಆಗ್ತಿದೀನಿ ಕಣೋ,” ಎಂದಳು ಅಕ್ಕ, ಹೆಂಚಿನ ಮಾಡಿನ ಆ ಇಳಿಜಾರಿನಿಂದ.

ತಮ್ಮನ ಬ್ರಷ್ಷು ಹೆಂಚಿನ ಮೇಲೆ ಗಕ್ಕನೆ ನಿಂತಿತು. ಅಕ್ಕ ಕಾಣುತ್ತಿರಲಿಲ್ಲ. ನಡುವೆ ಮಾಡಿನ ನೆತ್ತಿ, ಅದರ ಮೇಲೆ ಹಾದುಹೋದ ಹಗ್ಗ. ಒಂದು ತುದಿ ಇವನ ಸೊಂಟಕ್ಕೆ, ಇನ್ನೊಂದು ಅವಳ ಸೊಂಟಕ್ಕೆ. ಅಪ್ಪ ಹೋದಂದಿನಿಂದ ಇಬ್ಬರೂ ಊರಿನ ಮಾಡುಗಳ ಪಾಚಿ ತೆಗೆಯುತ್ತಿದ್ದದ್ದು ಹೀಗೆಯೇ. ಅವಳು ಒಂದು ಸಾಲು ಇಳಿದರೆ ಇವನು ಒಂದು ಸಾಲು ಏರಬೇಕು. ಇವನು ಜಾರಿದರೆ ಅವಳ ತೂಕ ಹಿಡಿಯಬೇಕು, ಅವಳು ಜಾರಿದರೆ ಇವನದು.

“ಯಾರನ್ನ?”

“ಬೇಕರಿಯವರನ್ನ.”

“ಆ ಹಿಟ್ಟು ಮೆತ್ಕೊಂಡು ಓಡಾಡೋ ಪೆದ್ದನ್ನಾ? ಬಾಯಲ್ಲಿ ಒಂದು ಮಾತು ಬರಲ್ಲ ಅವನಿಗೆ!”

“ಬರುತ್ತೆ. ನಿನ್ನ ಮುಂದೆ ಬರಲ್ಲ ಅಷ್ಟೆ. ಬೆಂಕಿಪೊಟ್ಟಣದ ಮುಂದೆ ಯಾರಿಗೆ ಮಾತು ಬರುತ್ತೆ ಹೇಳು?”

ತಮ್ಮನಿಗೆ ಪಿತ್ತ ನೆತ್ತಿಗೇರಿತು. ಸಿಟ್ಟು ಬಂದರೆ ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ: ಕೈಲಿದ್ದದ್ದನ್ನು ಬಿಸಾಕಿ ಎದ್ದು ಹೋಗುವುದು. ಶಾಲೆಯಿಂದ ಹಾಗೆ ಎದ್ದು ಬಂದಿದ್ದ, ಗ್ಯಾರೇಜಿನಿಂದಲೂ ಹಾಗೇ. ಈಗಲೂ ಬ್ರಷ್ಷು ಬಿಸಾಕಿದ. ಅದು ದಡದಡ ಉರುಳಿ ಅಂಗಳಕ್ಕೆ ಬಿತ್ತು. ಕೈ ಸೊಂಟದ ಗಂಟಿಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಗಂಟು ಬಿಚ್ಚಿದರೆ ಆ ಕಡೆ ಒದ್ದೆ ಪಾಚಿಯ ಮೇಲೆ ಅಕ್ಕನ ಕಾಲು.

“ಏನ್ರೀ, ಬ್ರಷ್ಷು ಬೀಳ್ತಿದೆ! ಪಾಚಿ ಯಾವಾಗ ಬೀಳೋದು?” ಕೆಳಗಿನಿಂದ ಮನೆಯೊಡತಿ ಕೂಗಿದಳು.

ಅವನು ಹಲ್ಲು ಕಚ್ಚಿದ. “ಇದನ್ನ ಹೇಳೋಕೆ ನಿಂಗೆ ಬೇರೆ ಜಾಗ ಸಿಗಲಿಲ್ವಾ?”

“ಊಟಕ್ಕೆ ಕೂತಾಗ ಹೇಳಿದ್ರೆ ತಟ್ಟೆ ಎಸೀತೀಯ. ಬಸ್ಸಲ್ಲಿ ಹೇಳಿದ್ರೆ ಮಧ್ಯದಲ್ಲೇ ಇಳಿದುಬಿಡ್ತೀಯ. ನೀನು ಎದ್ದು ಹೋಗೋಕಾಗದ ಜಾಗ ಇದೊಂದೇ ನೋಡು.”

ಎಂಥ ಮೋಸಗಾತಿ! ಅವನು ಬರಿಗೈಯಲ್ಲೇ ಪಾಚಿ ಕಿತ್ತು ಎಸೆಯತೊಡಗಿದ. “ನೀನು ಹೋದ್ಮೇಲೆ ಹಗ್ಗದ ಆ ತುದಿಗೆ ಯಾರನ್ನ ಕಟ್ಟಲಿ? ಮರಳಿನ ಮೂಟೆನಾ?”

ಆ ಕಡೆ ಕೆರೆಯುವ ಸದ್ದು ನಿಂತಿತು.

“ಮೊಣಕಾಲು ಇನ್ನಾಗಲ್ಲ ಅಂತಿದೆ ಕಣೋ,” ಎಂದಳು ಅಕ್ಕ ಕೊನೆಗೆ. “ಬಿಸಿಲು, ಚಳಿ, ಜಾರಿಕೆ... ಸಾಕಾಗಿದೆ. ಒಲೆ ಹತ್ರ ಬೆಚ್ಚಗೆ, ಸಮನಾದ ನೆಲದ ಮೇಲೆ ನಿಂತ್ಕೊಂಡು ಕೆಲಸ ಮಾಡೋ ಆಸೆ ನಂಗೆ.”

ಆಸೆ ಎಂಬ ಮಾತು ಅಕ್ಕನ ಬಾಯಿಂದ ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಎರಡು ಸಾಲು ಉಗುರಲ್ಲೇ ಕೆರೆದ. ಅವಳು ಇಳಿಯುವಾಗ ಮಾತ್ರ ಹಗ್ಗವನ್ನು ಎಂದಿಗಿಂತ ನಿಧಾನವಾಗಿ ಬಿಟ್ಟ.

ತಾಮ್ರದ ಪಟ್ಟಿ ಬಡಿಯಲು ಕೊನೆಗೆ ಇಬ್ಬರೂ ನೆತ್ತಿಗೆ ಹತ್ತಿದರು. ಆ ತಾಮ್ರದ ಮೇಲೆ ಹರಿದ ಮಳೆನೀರು ಇಳಿದಲ್ಲೆಲ್ಲ ಪಾಚಿ ಮತ್ತೆ ಹಿಡಿಯುವುದಿಲ್ಲ. ಕುದುರೆ ಹತ್ತಿದವರಂತೆ ಎರಡೂ ಕಡೆ ಕಾಲು ಬಿಟ್ಟು ಎದುರುಬದುರು ಕುಳಿತರು. ಅಕ್ಕನ ತುಟಿಗಳ ನಡುವೆ ಮೊಳೆಗಳು, ಕೆನ್ನೆಯ ಮೇಲೆ ಹಸಿರು ಕಲೆ. ಮಾತಾಡುವಂತಿರಲಿಲ್ಲ, ಕಣ್ಣಷ್ಟೇ ಇವನನ್ನು ಕಾಯುತ್ತಿತ್ತು. ಇಲ್ಲಿ ಬೀಳುವ ಭಯವಿಲ್ಲ. ಈಗ ಗಂಟು ಬಿಚ್ಚಿ ಏಣಿ ಇಳಿದು ಹೋಗಬಹುದಿತ್ತು.

ತಮ್ಮ ಕೈ ಚಾಚಿದ. ಅವಳ ಸೊಂಟದ ಗಂಟನ್ನು ಎಳೆದು ನೋಡಿದ. ಸಡಿಲವಾಗಿತ್ತು. ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟಿದ.

“ಭಾವನ ತೂಕ ಎಷ್ಟಿದೆ?” ಎಂದು ಸಿಡುಕುತ್ತಲೇ ಕೇಳಿದ.