ನಿಂತೇ ಬರೆದ ನಿಘಂಟು

ಮೂವತ್ತು ವರ್ಷದಿಂದ ತಾವು ಕುರ್ಚಿಯ ಮೇಲೆ ಕೂತೇ ಇಲ್ಲವೆಂದೂ, ಲಕ್ಷ ಪದಗಳ ನಿಘಂಟನ್ನು ಒಂಟಿಕಾಲಿನ ವ್ರತದಲ್ಲಿ ನಿಂತೇ ಬರೆದದ್ದೆಂದೂ ಪಂಡಿತರು ಸಭೆಗೆ ಸಾರಿದರು. ನಾಳೆ ನಿಘಂಟು ಅಚ್ಚಿಗೆ ಹೋಗಬೇಕು. ಉಳಿದಿದ್ದ ತಕರಾರು ಒಂದೇ: ಸಹಾಯಕಿ ಸಾಕಮ್ಮ ಹಟ ಹಿಡಿದು ಸೇರಿಸಹೊರಟಿದ್ದ 'ಕುಂಡೆ'.

"ಥೂ! ಕವಿಗಳು ಮೆಚ್ಚಿದ 'ನಿತಂಬ' ಇರುವಾಗ ಈ ಹೊಲಸು ಯಾಕೆ?"

"ನಿತಂಬ ಕಾವ್ಯದಲ್ಲಿದೆ ಸ್ವಾಮಿ. ಜನರಿಗೆ ಇರೋದು ಕುಂಡೆ."

"ನಿಯಮ ಗೊತ್ತಲ್ಲ? ಬಳಕೆಯ ವಾಕ್ಯವಿಲ್ಲದೆ ಪದವಿಲ್ಲ. ಮರ್ಯಾದಸ್ಥನೊಬ್ಬ ಆಡಿದ ಒಂದು ವಾಕ್ಯ ತಾ, ಸೇರಿಸುತ್ತೇನೆ. ನಾನಂತೂ ಹುಟ್ಟಿದಾಗಿನಿಂದ ಆ ಪದ ಉಸುರಿಲ್ಲ. ನಮ್ಮ ಮನೆಯ ಹಸುವೂ ಉಸುರಿಲ್ಲ!"

ಸಾಕಮ್ಮ ವಾಕ್ಯ ಬರೆದುಕೊಳ್ಳಲು ಖಾಲಿ ಚೀಟಿಯೊಂದನ್ನು ಕೈಗೆತ್ತಿಕೊಂಡಳು.

"ಸರಿ, ಅಚ್ಚಿನ ಒಪ್ಪಿಗೆಗೆ ಸಹಿ ಮಾಡಿಬಿಡಿ. ಕೂತ್ಕೊಳ್ಳಿ," ಎಂದರು ಸಭೆಯ ಅಧ್ಯಕ್ಷರು.

"ನಿಂತೇ ಮಾಡುತ್ತೇನೆ."

"ಅದೆಂಥ ವ್ರತಾರೀ ನಿಮ್ದು!" ಎಂದು ಅಧ್ಯಕ್ಷರು ಹಳೆಯ ಸಲುಗೆಯಲ್ಲಿ ಅವರ ಹೆಗಲು ಒತ್ತಿ ಮರದ ಕುರ್ಚಿಯ ಮೇಲೆ ಕೂರಿಸಿಯೇಬಿಟ್ಟರು.

ಪಂಡಿತರು ಚೀರಿಕೊಂಡು ಚಿಮ್ಮಿದ ರಭಸಕ್ಕೆ ಮೇಜಿನ ಮೇಲಿನ ಶಾಯಿ ಕುಡಿಕೆ ಉರುಳಿತು.

"ಏನಾಯ್ತು ಸ್ವಾಮಿ?" ಚೀಟಿ ಹಿಡಿದೇ ಕೇಳಿದಳು ಸಾಕಮ್ಮ.

"ವ್ರತಗಿತ ಎಲ್ಲಾ ಸುಳ್ಳು ಕಣಮ್ಮ! ಮೊನ್ನೆಯಿಂದ ಕುಂಡೆ ಮೇಲೆ ಕುರು ಎದ್ದಿದೆ!"