ಭೈರನ ಕೊರಳಿಗೆ

ಪ್ರಭುದೇವ್ ಪರ್ವತಯ್ಯನವರ ಮನೆಯ ಗೇಟು ತೆಗೆದದ್ದೇ ತಡ, ಅವರ ನಾಯಿ ಭೈರ ಅವನ ಕಾಲ ಪಕ್ಕದಿಂದ ನುಸುಳಿ ಬೀದಿಗೆ ಓಡಿತು. ಕೊರಳಲ್ಲಿ ಹಗ್ಗವಿಲ್ಲ, ಏನೂ ಇಲ್ಲ.

"ನೋಡಿದ್ರಾ ಸಾಬ್? ಇಂಗೇ ದಿನಾ," ಎಂದು ಎದುರು ಮನೆಯ ಬಾಗಿಲಿನಿಂದ ರಹಮತ್ ಬಿ ಕೂಗಿದಳು.

ಪ್ರಭುದೇವ್ ಶಿರಾ ನಗರಸಭೆಯಲ್ಲಿ ಆರೋಗ್ಯ ನಿರೀಕ್ಷಕ. ಈ ನಾಯಿಯ ಮೇಲೆ ರಹಮತ್ ಬಿ ಮತ್ತೆ ಮತ್ತೆ ದೂರು ಕೊಟ್ಟಿದ್ದಳು.

ಪರ್ವತಯ್ಯ ಹೊರಬಂದು ಶಿಳ್ಳೆ ಹಾಕಿದರು. ಭೈರ ತಿರುಗಿ ಬಂತು.

"ಇವನು ಯಾರನ್ನಾದ್ರೂ ಕಚ್ಚವ್ನಾ? ಆಯಮ್ಮನ್ನೇ ಕೇಳಿ."

"ಕಚ್ಚಿಲ್ಲ. ಬೆಳಿಗ್ಗೆ ಬೈಪಾಸ್ ತಂಕ ಬಿಟ್ಕೊಂಡು ಹೋಯ್ತಾರೆ. ಹಗ್ಗ ಹಾಕ್ಲಿ."

"ಕಾಲಭೈರವನ ವಾಹನ ಕಣಮ್ಮ ಇದು. ಹಗ್ಗ ಹಾಕೋಕೆ ಕುರಿಯಾ?"

ಹೋದ ಕಾರ್ತಿಕದ ಒಂದು ಸೋಮವಾರ ಪರ್ವತಯ್ಯನವರ ಗೇಟಿಗೆ ಖಾಕಿ ಚೀಲವೊಂದು ನೇತಾಡುತ್ತಿತ್ತು. ಹೆಗಲಪಟ್ಟಿ ಕತ್ತರಿಸಿ ಹೋಗಿದ್ದರಿಂದ ದಾರದಲ್ಲಿ ಕಟ್ಟಿದ್ದರು. ಒಳಗೆ ಅಂಗೈಯಗಲದ ನಾಯಿಮರಿ. ಭೈರವನೇ ಯಾರ ಕೈಲೋ ಕೊಟ್ಟು ಕಳಿಸಿದನೆಂದು ಅವರು ನಂಬಿದರು. ಚೀಲ ಇಂದಿಗೂ ದೇವರಗೂಡಿನ ಕೆಳಗಿದೆ.

ಬೀದಿಯವರಿಗೆ ಜಗಳದ ಕಾರಣ ಗೊತ್ತಿತ್ತು. ರಹಮತ್ ಬಿ ಐದು ಹೊತ್ತು ನಮಾಜು ಮಾಡುವವಳು. ನಾಯಿ ಮುಟ್ಟುವವಳಲ್ಲ. ಭೈರ ಹೊಸಿಲ ಹತ್ತಿರ ಬಂದರೆ ಸೆರಗು ಬಿಗಿಹಿಡಿದು ಒಳಗೆ ಸರಿಯುತ್ತಿದ್ದಳು. ಅದು ಹೋಗುವ ತನಕ ಬಾಗಿಲ ಸಂದಿಯಿಂದ ನೋಡುತ್ತಿದ್ದಳು.

"ಮಗ ಯಾಸೀನ್ ಬೈಪಾಸ್‌ನಲ್ಲಿ ಲಾರಿಗೆ ಸಿಕ್ಕಿ ಹೋದ್ಮೇಲೆ ಆಯಮ್ಮಂಗೆ ಯಾರ್ ಕಂಡ್ರೂ ಆಗಲ್ಲ. ಈಗ ನಮ್ಮ ನಾಯಿ ಮ್ಯಾಲೆ ಬಿದ್ದವ್ಳೆ," ಎಂದರು ಪರ್ವತಯ್ಯನ ಹೆಂಡತಿ ಜಗದಾಂಬ. ಕೇಳಿಸಲಿ ಎಂದೇ ಅಂದರು.

ರಹಮತ್ ಬಿ ಭೈರನ ಕಡೆಯೇ ನೋಡುತ್ತಿದ್ದಳು.

ಪ್ರಭುದೇವ್‌ಗೆ ಸಾಕಾಗಿತ್ತು. "ಇನ್ನೊಂದ್ಸಲ ದೂರು ಬಂದ್ರೆ ಗಾಡಿ ತಂದು ಹಿಡ್ಕೊಂಡು ಹೋಗ್ತೀವಿ, ಯಜಮಾನ್ರೇ."

ಪರ್ವತಯ್ಯ ಬಾಯಿ ತೆರೆಯುವ ಮೊದಲೇ ರಹಮತ್ ಬಿ ಬರಿಗಾಲಲ್ಲಿ ಬೀದಿಗೆ ಇಳಿದಿದ್ದಳು.

"ಬ್ಯಾಡ ಸಾಬ್! ಹಿಡೀಬ್ಯಾಡಿ. ಕಟ್ಟಿಸಿ, ಅಷ್ಟೇ."

"ಇದೇನ್ ನಾಟ್ಕ ಬೀಬಿ?" ಪರ್ವತಯ್ಯ ಸಿಡಿದರು. "ಅಷ್ಟು ಆಸೆ ಇದ್ರೆ ನೀನೇ ಬಂದು ಕಟ್ಟು. ಮುಟ್ತೀಯಾ?"

ಜಗಲಿಗಳಲ್ಲಿ ನಿಂತವರು ನಕ್ಕರು. ರಹಮತ್ ಬಿ ಒಳಗೆ ಹೋದಳು. ಇಲ್ಲಿಗೆ ಮುಗಿಯಿತೆಂದು ಪ್ರಭುದೇವ್ ಬೈಕಿನ ಕಡೆ ತಿರುಗಿದ.

ಅವಳು ಮತ್ತೆ ಹೊರಬಂದಳು. ಕೈಯಲ್ಲಿ ಖಾಕಿ ಬಟ್ಟೆಯ ದಪ್ಪ ಪಟ್ಟಿ. ಒಂದು ಕೊನೆ ಓರೆಯಾಗಿ ಕತ್ತರಿಸಿದಂತಿತ್ತು. ಇನ್ನೊಂದಕ್ಕೆ ಹೊಸ ಬಕಲ್ ಹೊಲಿದಿತ್ತು.

ನಾಯಿಯ ಮುಂದೆ ಮಣ್ಣಿನಲ್ಲೇ ಕೂತಳು. ಭೈರ ಪಟ್ಟಿಯನ್ನು ಮೂಸಿತು. ಬಾಲದ ಅಲುಗಾಟ ನಿಂತಿತು. ಸಣ್ಣಗೆ ಕುಂಯ್‌ಗುಟ್ಟಿ ಅವಳ ಮಡಿಲಲ್ಲಿ ಮೂತಿ ಇಟ್ಟಿತು. ಅವಳು ಪಟ್ಟಿಯನ್ನು ಕೊರಳಿಗೆ ಸುತ್ತಿದಳು, ಬಿಗಿಯಾಯಿತೇನೋ ಎಂದು ಬೆರಳು ತೂರಿಸಿ ನೋಡಿದಳು. ಉಳಿದ ತುದಿಯನ್ನು ಪರ್ವತಯ್ಯನ ಕಡೆ ಚಾಚಿದಳು.

"ದೇವರದ್ದೇ ಅನ್ಕೊಳ್ಳಿ, ಅಯ್ಯನೋರೇ. ಆದ್ರೆ ಇದನ್ನೂ ಆ ರಸ್ತೆಗೆ ಕೊಡಬ್ಯಾಡಿ."

ಪರ್ವತಯ್ಯ ಆ ಓರೆ ಕೊನೆಯನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ದೇವರಗೂಡಿನ ಕೆಳಗಿನ ಚೀಲ ತಂದರು. ಅದರಲ್ಲಿ ಉಳಿದಿದ್ದ ಹೆಗಲಪಟ್ಟಿಯ ತುಂಡಿಗೆ ಪಟ್ಟಿ ಸರಿಯಾಗಿ ಕೂಡಿತು. ಅಂದು ಗೇಟಿಗೆ ಚೀಲ ಕಟ್ಟಿದ್ದು ಯಾರೆಂದು ಆಗ ಗೊತ್ತಾಯಿತು.

ಬೈಪಾಸಿನಲ್ಲಿ ಜನ ಯಾಸೀನನ ಹೆಗಲಿನಿಂದ ಕತ್ತರಿಸಿ ಬಿಡಿಸಿ ತಾಯಿಯ ಕೈಗಿತ್ತ ಆ ಚೀಲದಲ್ಲಿ ಇನ್ನೂ ಉಸಿರಾಡುತ್ತಿದ್ದದ್ದು, ಲಾರಿಗಳ ನಡುವಿನಿಂದ ಅವನು ಎತ್ತಿ ಹಾಕಿಕೊಂಡಿದ್ದ ಮರಿಯೊಂದೇ.