ಹದಿನಾಲ್ಕನೇ ತಾರೀಖಿನ ಕಣ್ಣೀರು

ಹದಿನಾಲ್ಕನೇ ತಾರೀಖಿನ ಸಾಲಿನ ಮೇಲೆ ಸಂಶೋಧಕಿಯ ಬೆರಳು ನಿಂತಿತು. 'ಮಗಳು ಮನೆ ಬಿಡುವ ದೃಶ್ಯ. ಎರಡು ಸಲ ಕಣ್ಣೀರು ಬಂತು' ಎಂದು ಅಂದಿನ ಟಿವಿ ಧಾರಾವಾಹಿಯ ಬಗ್ಗೆ ದೊಡ್ಡಮ್ಮ ಬರೆದುಕೊಟ್ಟಿದ್ದರು. ಅಂದು ಸಂಜೆಯಿಡೀ ಊರಲ್ಲೆಲ್ಲ ಕರೆಂಟ್ ಇರಲಿಲ್ಲವೆಂದು ಸಂಶೋಧಕಿಯದೇ ದಿನಚರಿ ಹೇಳುತ್ತಿತ್ತು. ಧಾರಾವಾಹಿ ನೋಡುವವರ ಬಗ್ಗೆ ಅವಳು ಬರೆದ ಮೂರು ಪುಸ್ತಕಗಳೂ ದೊಡ್ಡಮ್ಮನ ಈ ಟಿಪ್ಪಣಿಗಳ ಮೇಲೆಯೇ ನಿಂತಿದ್ದವು. ನಾಳೆ ಪ್ರಾಧ್ಯಾಪಕ ಹುದ್ದೆಯ ಸಂದರ್ಶನ.

"ಕತ್ತಲಲ್ಲಿ ಏನನ್ನ ನೋಡಿ ಅತ್ರಿ, ದೊಡ್ಡಮ್ಮ?"

ದೊಡ್ಡಮ್ಮ ಕನ್ನಡಕ ತೆಗೆದು ಒರೆಸತೊಡಗಿದರು. "ಏನೂ ಅನ್ನಿಸ್ಲಿಲ್ಲ ಅಂತ ಬರೆದಾಗೆಲ್ಲ ನಿನ್ನ ಮುಖ ಸಪ್ಪಗಾಗ್ತಿತ್ತು ಕಣೇ. ಓದೋ ಹುಡುಗಿ, ಯಾಕೆ ನಿರಾಸೆ ಮಾಡ್ಲಿ ಅಂತ..."

"ಮಿಕ್ಕ ದಿನದ್ದೆಲ್ಲ ನಿಜ ತಾನೆ?"

ಒರೆಸಿದ ಕನ್ನಡಕವನ್ನೇ ದೊಡ್ಡಮ್ಮ ಮತ್ತೆ ಒರೆಸಿದರು. ಅವರ ಕಣ್ಣು ತುಂಬಿತು. ಆ ಟಿಪ್ಪಣಿಗಳನ್ನು ನಂಬಿ ಓದಿದ ಇಪ್ಪತ್ತು ವರ್ಷಗಳಲ್ಲಿ ಎಂದೂ ಮಾಡದ ಕೆಲಸವನ್ನು ಸಂಶೋಧಕಿ ಆಗ ಮಾಡಿದಳು: ಹತ್ತಿರ ಬಾಗಿ, ಆ ಕಣ್ಣೀರು ನಿಜವೇ ಎಂದು ನೋಡಿದಳು.